ಪುಷ್ಪಿಕೆಯಲ್ಲಿ ಒಂದು ಹೆಸರು: ಹಳೆಯ ಗಣಕದಾಟವೊಂದರ ಪ್ರತಿಯನ್ನು ಕುರಿತು

1

ಕನ್ನಡ ಹಸ್ತಪ್ರತಿಗಳ ಪುಷ್ಪಿಕೆಗಳನ್ನು ಕುರಿತು ನಾನು ಪಿಎಚ್.ಡಿ. ಅಧ್ಯಯನ ನಡೆಸುತ್ತಿದ್ದೇನೆ. ಓಲೆಗರಿಯ ಕಟ್ಟಿನ ಕೊನೆಯ ಗರಿಯಲ್ಲಿ ಪ್ರತಿಕಾರನು ಸಂವತ್ಸರ, ಮಾಸ, ತಿಥಿಗಳನ್ನು ನಮೂದಿಸುತ್ತಾನೆ. ಇಂಥವರ ಓದಿಗಾಗಿ ಇಂಥವನು ಬರೆದುದು ಎನ್ನುತ್ತಾನೆ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು ಎಂದು ಬೇಡಿಕೊಳ್ಳುತ್ತಾನೆ. ಆ ನಾಲ್ಕಾರು ಸಾಲುಗಳೇ ನನ್ನ ಆಕರ. ಗ್ರಂಥಸಂಪಾದಕರಿಗೆ ಇವು ಬಹುಮಟ್ಟಿಗೆ ಪ್ರತಿಯ ಕಾಲನಿರ್ಣಯಕ್ಕೆ ಒದಗುವ ಸಾಮಗ್ರಿ. ಸಂಪಾದಿತ ಕಾವ್ಯ ಅಚ್ಚಾಗಿ ಹೊರಬಂದಾಗ ಪುಷ್ಪಿಕೆಯು ಪೀಠಿಕೆಯ ಒಂದು ಮೂಲೆಗೆ ಸರಿದಿರುತ್ತದೆ.

ಈ ಬರಹ ಆ ಅಧ್ಯಯನದ ಭಾಗವಲ್ಲ. ಆದರೆ ಅದರ ಮೂರನೆಯ ಅಧ್ಯಾಯವನ್ನು ನಾನು ಮತ್ತೆ ಬರೆಯಬೇಕಾಗಿ ಬಂದುದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಈ ಪ್ರಸಂಗದ ಕೇಂದ್ರದಲ್ಲಿರುವುದು ಒಂದು ಫ್ಲಾಪಿ ಮತ್ತು ಅದರೊಳಗಿನ ಒಂದು ಗಣಕದಾಟ. ವಿದ್ವಾಂಸರು ಇದನ್ನು ಲಘುವೆಂದು ಬಗೆಯದೆ ಓದಬೇಕೆಂದು ಕೋರುತ್ತೇನೆ.

2023ರಲ್ಲಿ ನನ್ನ ಮಾರ್ಗದರ್ಶಕರು ಒಂದು ಡಬ್ಬಿಯ ತುಂಬ ಫ್ಲಾಪಿಗಳನ್ನು ನನ್ನ ಕೈಗಿತ್ತರು. ತಾವು ತರುಣರಾಗಿದ್ದಾಗ ಊರೂರು ಅಲೆದು ಬರೆದುಕೊಂಡಿದ್ದ ಪುಷ್ಪಿಕೆಗಳನ್ನು ಅವರು 1990ರ ದಶಕದ ಕೊನೆಯಲ್ಲಿ ಬೆರಳಚ್ಚು ಮಾಡಿಸಿಟ್ಟಿದ್ದರು. ಮೂಲ ಟಿಪ್ಪಣಿ ಪುಸ್ತಕಗಳು ಗೆದ್ದಲಿಗೆ ಆಹಾರವಾಗಿದ್ದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಾಡಿ, ಯುಎಸ್‌ಬಿಗೆ ಜೋಡಿಸಬಹುದಾದ ಒಂದು ಹಳೆಯ ಫ್ಲಾಪಿ ಡ್ರೈವ್ ತಂದೆ. ಕಡತಗಳು ತೆರೆದುಕೊಂಡವು, ಆದರೆ ಪರದೆಯ ಮೇಲೆ ಮೂಡಿದ್ದು ಕನ್ನಡವಲ್ಲ. ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಲಸಿಹೋದ ಸಾಲುಗಳು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸುತ್ತಿದ್ದವು. ಆ ಅಕ್ಷರವಿನ್ಯಾಸ ಕೈಗೆ ಸಿಗದಿದ್ದರೆ ಕಡತವಿದ್ದೂ ಇಲ್ಲದಂತೆ. ನಮ್ಮ ವಿಭಾಗಗಳಲ್ಲಿ ಆ ಕಾಲದಲ್ಲಿ ಸಿದ್ಧವಾದ ಎಷ್ಟು ಮಹಾಪ್ರಬಂಧಗಳ ಕಡತಗಳು ಇಂದು ಈ ಸ್ಥಿತಿಯಲ್ಲಿರಬಹುದೆಂಬುದನ್ನು ಓದುಗರೇ ಊಹಿಸಬಹುದು.

ಗಣಕ ಬಲ್ಲ ಹಾಸ್ಟೆಲಿನ ಗೆಳೆಯರೊಬ್ಬರು ಪರಿಹಾರ ಸೂಚಿಸಿದರು. ಹೊಸ ಗಣಕದೊಳಗೇ ಒಂದು ಹಳೆಯ ಗಣಕವನ್ನು ಹೂಡಿ, ಅದರಲ್ಲಿ ವಿಂಡೋಸ್ 98 ಸ್ಥಾಪಿಸಿ, ಆ ಕಾಲದ ಕನ್ನಡ ತಂತ್ರಾಂಶವನ್ನು ಅಲ್ಲಿಯೇ ನಡೆಸುವುದು. ಎರಡು ದಿನದ ಹೆಣಗಾಟದ ಅನಂತರ ಗುರುಗಳ ಪುಷ್ಪಿಕೆಗಳು ಕನ್ನಡದಲ್ಲಿ ಕಂಡವು. ನನ್ನ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು.

2

ಮುಂದಿನ ಮಾತಿಗೆ ಬೇಕಾಗುವ ಎರಡು ಪರಿಕಲ್ಪನೆಗಳನ್ನು ಇಲ್ಲಿ ಸ್ಥೂಲವಾಗಿ ವಿವರಿಸುವುದು ಅಗತ್ಯ. ಮೇಲೆ ಹೇಳಿದ ವ್ಯವಸ್ಥೆಗೆ ವರ್ಚುವಲ್ ಮಷೀನ್ ಎಂದು ಹೆಸರು. ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಬೇರೆ ಒಲೆ ಹೂಡಿಕೊಟ್ಟಂತೆ ಇದು. ಬೆಂಕಿ, ನೀರು ಎಲ್ಲವೂ ದೊಡ್ಡ ಮನೆಯವೇ. ಒಳಗಿರುವವರಿಗೆ ಮಾತ್ರ ತಮ್ಮದೇ ಪ್ರತ್ಯೇಕ ಮನೆ ಎಂಬ ಭಾವನೆ. ಎಮ್ಯುಲೇಟರ್ ಎಂಬುದು ಇದಕ್ಕಿಂತ ಕಷ್ಟದ ಕೆಲಸ. ಅದು ಹಳೆಯ ಯಂತ್ರದ ಒಂದೊಂದು ಆಜ್ಞೆಯನ್ನೂ ಆಲಿಸಿ, ಹೊಸ ಯಂತ್ರಕ್ಕೆ ತಿಳಿಯುವಂತೆ ಆ ಕ್ಷಣದಲ್ಲಿಯೇ ಹೇಳುವ ದುಭಾಷಿ. ಈ ಕಲ್ಪನೆ ಹೊಸದೇನಲ್ಲ. ಐಬಿಎಂ ಸಂಸ್ಥೆ 1964ರಲ್ಲಿ ಸಿಸ್ಟಂ 360 ಎಂಬ ಹೊಸ ಗಣಕಗಳನ್ನು ಪ್ರಕಟಿಸಿದಾಗ, ಗ್ರಾಹಕರು ತಮ್ಮ ಹಳೆಯ 1401 ಯಂತ್ರಕ್ಕೆ ಬರೆಸಿದ್ದ ಕಾರ್ಯಕ್ರಮಗಳು ವ್ಯರ್ಥವಾಗದಿರಲೆಂದು ಇಂಥ ಏರ್ಪಾಡನ್ನೇ ಮಾಡಿತ್ತು.

ಡಾಸ್ ಕಾಲದ ಕಾರ್ಯಕ್ರಮಗಳಿಗೆ ಈಗ ಇಂಥ ದುಭಾಷಿ ಬೇಕೇಬೇಕು. ಇಂದಿನ 64 ಬಿಟ್ ವಿಂಡೋಸ್ ಅಂದಿನ 16 ಬಿಟ್ ಕಾರ್ಯಕ್ರಮಗಳನ್ನು ನಡೆಸುವುದೇ ಇಲ್ಲ. 2002ರಲ್ಲಿ ಮೊದಲ ಬಾರಿಗೆ ಹೊರಬಂದ ಡಾಸ್‌ಬಾಕ್ಸ್ ಎಂಬ ಉಚಿತ ಎಮ್ಯುಲೇಟರ್ ಈ ಕೊರತೆಯನ್ನು ತುಂಬಿತು. ಅದರ ಒಂದು ಗುಣ ನನ್ನನ್ನು ವಿಶೇಷವಾಗಿ ಸೆಳೆಯಿತು. ಹಳೆಯ ಕೆಲವು ಆಟಗಳು ಯಂತ್ರ ಎಷ್ಟು ವೇಗವಾಗಿದ್ದರೆ ಅಷ್ಟೇ ವೇಗವಾಗಿ ಓಡುತ್ತವೆ. ಇಂದಿನ ಗಣಕದ ವೇಗಕ್ಕೆ ಬಿಟ್ಟರೆ ಆಟ ಕಣ್ಣಿಗೇ ನಿಲುಕುವುದಿಲ್ಲ. ಆದ್ದರಿಂದ ಎಮ್ಯುಲೇಟರಿನಲ್ಲಿ ವೇಗವನ್ನು ಏರಿಸುವ, ಇಳಿಸುವ ಕೀಲಿಗಳಿವೆ. ಹಳೆಯದನ್ನು ಇದ್ದಂತೆ ಕಾಣಬೇಕಾದರೆ ಹೊಸ ಯಂತ್ರ ತನ್ನ ಶಕ್ತಿಯ ಬಹುಭಾಗವನ್ನು ತಡೆಹಿಡಿಯಬೇಕು. ಪ್ರಾಚೀನ ಪಠ್ಯದ ಮುಂದೆ ಸಂಪಾದಕನೂ ಮಾಡಬೇಕಾದುದು ಇದನ್ನೇ ಅಲ್ಲವೆ?

3

ಗುರುಗಳ ಡಬ್ಬಿ ಬರಿದಾದ ಮೇಲೂ ಡ್ರೈವ್ ನನ್ನ ಬಳಿಯೇ ಉಳಿಯಿತು. ಆ ವರ್ಷ ದೀಪಾವಳಿಗೆ ತಿಪಟೂರಿನ ಮನೆಗೆ ಹೋದಾಗ, ಅಟ್ಟದ ಮೇಲಿನ ಟ್ರಂಕಿನಲ್ಲಿ ಅಕ್ಕನ ನೋಟುಪುಸ್ತಕಗಳ ನಡುವೆ ಒಂದು ಫ್ಲಾಪಿ ಸಿಕ್ಕಿತು. ಮೇಲಿನ ಚೀಟಿಯ ಮೇಲೆ ಅವಳ ದುಂಡನೆಯ ಅಕ್ಷರದಲ್ಲಿ ‘ಟ್ಯಾಲಿ ನೋಟ್ಸ್’ ಎಂದಿತ್ತು. ಒಳಗಿದ್ದುದು ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ.

2003ರ ಬೇಸಿಗೆಯಲ್ಲಿ ನನಗೆ ಹತ್ತು ವರ್ಷ, ಅಕ್ಕನಿಗೆ ಹದಿನೆಂಟು. ಪಿಯುಸಿ ಮುಗಿಸಿದ್ದ ಅವಳನ್ನು ಅಪ್ಪ ಊರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿಸಿದ್ದರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಟ್ಯಾಲಿ ಕಲಿತರೆ ಮಗಳಿಗೂ ಮಂಡಿಯ ಲೆಕ್ಕ ಬರೆಯುವ ಕೆಲಸ ಸಿಗಬಹುದೆಂಬುದು ಅವರ ಎಣಿಕೆ. ಹೆಣ್ಣುಮಗಳು ಒಬ್ಬಳೇ ಹೋಗಬಾರದೆಂದು ಅವಳ ಜೊತೆಗೆ ನನ್ನನ್ನು ಕಳಿಸುತ್ತಿದ್ದರು. ಪಾಠ ಮುಗಿದ ಮೇಲೆ, ಮುಂದಿನ ತಂಡ ಬರುವವರೆಗೆ, ಮೇಷ್ಟ್ರು ನಮ್ಮನ್ನು ಒಂದು ಯಂತ್ರದ ಮುಂದೆ ಕೂರಲು ಬಿಡುತ್ತಿದ್ದರು. ಗಣಕದೊಳಗೆ ಆಟಗಳನ್ನು ಇಡಕೂಡದೆಂಬ ಕಟ್ಟಪ್ಪಣೆ ಇದ್ದುದರಿಂದ ಯಾರಿಂದಲೋ ನಕಲು ಮಾಡಿಕೊಂಡಿದ್ದ ಆಟವನ್ನು ಅಕ್ಕ ಫ್ಲಾಪಿಯಿಂದಲೇ ನಡೆಸುತ್ತಿದ್ದಳು. ಅದು ಹಕ್ಕುಳ್ಳ ಪ್ರತಿಯಾಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಅಂಥ ಮಾತೊಂದಿದೆ ಎಂಬುದೇ ನಮಗಾಗ ತಿಳಿದಿರಲಿಲ್ಲ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಜೋರ್ಡನ್ ಮೆಕ್ನರ್ ಎಂಬ ಅಮೆರಿಕದ ತರುಣ ಇದನ್ನು ಆಪಲ್ 2 ಗಣಕಕ್ಕಾಗಿ ರಚಿಸಿ 1989ರಲ್ಲಿ ಹೊರತಂದ. ಡಾಸ್ ಆವೃತ್ತಿ 1990ರದು. ದುಷ್ಟ ವಜೀರನೊಬ್ಬ ರಾಜಕುಮಾರಿಗೆ ಒಂದು ಗಂಟೆಯ ಗಡುವು ಕೊಟ್ಟಿದ್ದಾನೆ: ತನ್ನನ್ನು ವರಿಸಬೇಕು, ಇಲ್ಲವೇ ಸಾಯಬೇಕು. ನೆಲಮಾಳಿಗೆಯ ಸೆರೆಯಲ್ಲಿರುವ ನಾಯಕ ಅರವತ್ತು ನಿಮಿಷಗಳೊಳಗೆ 12 ಹಂತಗಳನ್ನು ದಾಟಿ ಅವಳನ್ನು ಬಿಡಿಸಬೇಕು. ಈ ಅರವತ್ತು ನಿಮಿಷ ಆಡುವವರ ನಿಜವಾದ ನಿಮಿಷಗಳು. ನಾಯಕನ ಓಟ, ಜಿಗಿತಗಳು ಜೀವಂತ ಮನುಷ್ಯನದೆಂಬಂತೆ ಕಾಣುವುದಕ್ಕೆ ಕಾರಣವಿದೆ. ಮೆಕ್ನರ್ 1985ರಲ್ಲಿ ತನ್ನ ತಮ್ಮ ಡೇವಿಡ್‌ನನ್ನು ಓಡಿಸಿ, ನೆಗೆಸಿ, ವಿಡಿಯೊ ಚಿತ್ರಿಸಿಕೊಂಡು, ಅದರ ಒಂದೊಂದು ಭಂಗಿಯನ್ನೂ ಅನುಸರಿಸಿ ನಾಯಕನನ್ನು ಬಿಡಿಸಿದ್ದ. ಪೆಟ್ಟಿಗೆಯ ಮೇಲಿನ ಹೆಸರು ಅಣ್ಣನದು; ಒಳಗೆ ಓಡುವ ಮೈ ತಮ್ಮನದು.

ಇದೇ ಆಟದಲ್ಲಿ ಒಂದು ನೆರಳಿದೆ. ನಾಲ್ಕನೆಯ ಹಂತದಲ್ಲಿ ದಾರಿಗೆ ಅಡ್ಡವಾಗಿ ಕನ್ನಡಿಯೊಂದು ನಿಲ್ಲುತ್ತದೆ. ಅದರ ಮೂಲಕ ಹಾರಿದರೆ ಆಚೆಯಿಂದ ನಾಯಕನದೇ ನೆರಳು ಹೊರಬಿದ್ದು ಓಡಿಹೋಗುತ್ತದೆ. ಮುಂದಿನ ಹಂತದಲ್ಲಿ ಅದು ನಾವು ಕುಡಿಯಬೇಕಾದ ಮದ್ದನ್ನು ಕುಡಿದುಬಿಡುತ್ತದೆ. ಅದರ ಮುಂದಿನ ಹಂತದಲ್ಲಿ ಬಾಗಿಲು ಮುಚ್ಚಿ ನಮ್ಮನ್ನು ಪಾತಾಳಕ್ಕೆ ಕೆಡವುತ್ತದೆ. ಹನ್ನೆರಡನೆಯ ಹಂತದಲ್ಲಿ ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತದೆ. ಅದಕ್ಕೆ ಹೊಡೆದ ಏಟು ನಮಗೇ ತಾಗುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ನಡೆದರೆ ಮಾತ್ರ ನೆರಳು ನಮ್ಮೊಳಗೆ ಬಂದು ಸೇರುತ್ತದೆ. ಅದಾದ ಮೇಲೆ ಬರಿಯ ಶೂನ್ಯದ ಮೇಲೆ ಓಡಿದರೂ ಕಾಲಡಿಗೆ ನೆಲ ಮೂಡುತ್ತಾ ಹೋಗುತ್ತದೆ. ಗಣಕದ ಸ್ಮೃತಿ ತುಂಬಿಹೋಗಿ, ಹೊಸ ಪಾತ್ರ ಬಿಡಿಸಲು ಜಾಗವಿಲ್ಲದಿದ್ದಾಗ, ನಾಯಕನ ಚಿತ್ರಗಳನ್ನೇ ಬೇರೆ ರೀತಿಯಲ್ಲಿ ಬಳಸಿ ಮೆಕ್ನರ್ ಈ ನೆರಳನ್ನು ಸೃಷ್ಟಿಸಿದ್ದ.

ಹತ್ತನೆಯ ವಯಸ್ಸಿನಲ್ಲಿ ಈ ಆಟವನ್ನು ಕೊನೆಮುಟ್ಟಿಸಿದೆನೆಂಬುದು ನನ್ನ ಬಾಲ್ಯದ ದೊಡ್ಡ ಹೆಮ್ಮೆ. ನೆರಳಿನೆದುರು ಕತ್ತಿಯನ್ನು ಒರೆಗೆ ಸೇರಿಸಿದ ಗಳಿಗೆ ನನಗೆ ಸ್ಪಷ್ಟವಾಗಿ ನೆನಪಿತ್ತು. ಈ ಕಥೆಯನ್ನು ಶಾಲೆಯಲ್ಲಿ, ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

4

ಫ್ಲಾಪಿಗೆ ಬೂಸಲು ಹತ್ತಿತ್ತು. ಅದನ್ನು ಒರಸಿ, ಅದರ ಪಡಿಯಚ್ಚಿನಂಥ ಕಡತವೊಂದನ್ನು ತೆಗೆದುಕೊಂಡು, ಎಮ್ಯುಲೇಟರಿಗೆ ಕೊಟ್ಟೆ. ಅದೇ ಸೆರೆ, ಅದೇ ದೀವಟಿಗೆ, ಗಣಕದ ಪುಟ್ಟ ಸ್ಪೀಕರಿನಿಂದ ಬರುತ್ತಿದ್ದ ಅದೇ ಕೀರಲು ಸಂಗೀತ. ಮೊದಲಿಗೆ ನಾಯಕ ಕುಳ್ಳಗೆ ಕಂಡ. ಅಂದಿನ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕಿಗಳದು. ಹಳೆಯ ಪರದೆ ಅದನ್ನು ಮೇಲಕ್ಕೆ ಹಿಗ್ಗಿಸಿ ತೋರಿಸುತ್ತಿತ್ತು. ಹೊಸ ಪರದೆಯ ಚುಕ್ಕಿಗಳು ಚೌಕವಾದುದರಿಂದ ಚಿತ್ರ ಚಪ್ಪಟೆಯಾಗುತ್ತದೆ. ಅದಕ್ಕೂ ಒಂದು ತಿದ್ದುಪಡಿ ಇದೆ, ಮಾಡಿಕೊಂಡೆ.

ಇದೇ ಆಟ ಬೇರೆಡೆಯೂ ಲಭ್ಯವಿತ್ತು. ಇಂಟರ್ನೆಟ್ ಆರ್ಕೈವ್ ಸಂಸ್ಥೆ ಜನವರಿ 2015ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಡಾಸ್ ಆಟಗಳನ್ನು ಬ್ರೌಸರಿನೊಳಗೇ ಆಡಲು ಬರುವಂತೆ ಇರಿಸಿತು. ಮೂಲಕರ್ತೃವಿನ ಬರವಣಿಗೆಯೂ ಉಳಿದಿದೆ. ಕಳೆದುಹೋಯಿತೆಂದುಕೊಂಡಿದ್ದ ಆಪಲ್ 2 ಆವೃತ್ತಿಯ ಮೂಲಸಂಕೇತಗಳ ಫ್ಲಾಪಿಗಳು 2012ರಲ್ಲಿ ಮೆಕ್ನರ್‌ನ ತಂದೆಗೆ ಒಂದು ಪೆಟ್ಟಿಗೆಯಲ್ಲಿ ದೊರೆತವು. ಅದೇ ವರ್ಷ ಅವನ್ನು ಸಾರ್ವಜನಿಕವಾಗಿ ಪ್ರಕಟಿಸಲಾಯಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಕವಿಯ ಸ್ವಹಸ್ತಪ್ರತಿಯೇ ಸಿಕ್ಕಂತಾಯಿತು. ಹೀಗಿರುವಾಗ ಅಕ್ಕನ ಫ್ಲಾಪಿಗೆ ಏನು ಬೆಲೆ?

ಪಾಠಾಂತರದ ದೃಷ್ಟಿಯಿಂದ ಅದು ಕೆಟ್ಟ ಪ್ರತಿ. ಮೂಲ ಡಾಸ್ ಆಟದಲ್ಲಿ ಮೊದಲ ಹಂತ ಮುಗಿದೊಡನೆ, ಆಟದ ಜೊತೆಗೆ ಬಂದ ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದೆಂದು ಕೇಳಿ, ಆ ಅಕ್ಷರದಡಿಯ ಮದ್ದನ್ನು ಕುಡಿಯಲು ಹೇಳುತ್ತಿದ್ದರು. ನಕಲುಗಾರರಿಗೆ ಹಾಕಿದ ಬೀಗ ಅದು. ನಮ್ಮ ಪ್ರತಿಯಲ್ಲಿ ಯಾರೋ ಆ ಬೀಗ ಮುರಿದಿದ್ದರು. ಯಾವ ಮದ್ದು ಕುಡಿದರೂ ಬಾಗಿಲು ತೆರೆಯುತ್ತಿತ್ತು. ಆದರೆ ಈ ಪ್ರತಿಯಲ್ಲಿ ಬೇರೆ ಯಾವ ಪ್ರತಿಯಲ್ಲೂ ಇಲ್ಲದ ಒಂದು ಪುಟ್ಟ ಕಡತವಿತ್ತು. ಆಟ ಗೆದ್ದವರ ಹೆಸರು ಮತ್ತು ಗೆದ್ದಾಗ ಉಳಿದಿದ್ದ ನಿಮಿಷಗಳನ್ನು ಈ ಆಟ ಪ್ರಿನ್ಸ್.ಹೆಚ್‌ಒಎಫ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಗಾತ್ರ 200 ಬೈಟ್‌ಗೂ ಕಡಿಮೆ. ಆರು ಹೆಸರುಗಳಿಗೆ ಮಾತ್ರ ಅಲ್ಲಿ ಜಾಗ. ಹೊಸದಾಗಿ ಇಳಿಸಿಕೊಂಡ ಪ್ರತಿಯಲ್ಲಿ ನಮ್ಮ ಸಾಲು ಇರಲು ಸಾಧ್ಯವಿಲ್ಲ. ನಮ್ಮದರಲ್ಲಿ ಎರಡು ಸಾಲುಗಳಿದ್ದವು. ಮೊದಲನೆಯದರಲ್ಲಿ ರೋಮನ್ ಲಿಪಿಯಲ್ಲಿ ನನ್ನ ಹೆಸರು, ಉಳಿದ ಕಾಲ 11 ನಿಮಿಷ. ಎರಡನೆಯದರಲ್ಲಿ ಅಕ್ಕನ ಹೆಸರು, ಉಳಿದ ಕಾಲ 4 ನಿಮಿಷ.

ಪುಷ್ಪಿಕೆಗಳನ್ನೇ ಓದುತ್ತ ಕುಳಿತಿದ್ದವನಿಗೆ ನನ್ನದೇ ಹೆಸರಿನ ಪುಷ್ಪಿಕೆ ಸಿಕ್ಕಿತ್ತು. ಕಡತದ ದಿನಾಂಕ ಮಾತ್ರ 1980ರ ಜನವರಿ 1 ಎಂದಿತ್ತು. ಗಣಕದೊಳಗಿನ ಪುಟ್ಟ ಬ್ಯಾಟರಿ ಸತ್ತು ಕಾಲದ ಅರಿವು ತಪ್ಪಿದಾಗ ಡಾಸ್ ತನ್ನ ಎಣಿಕೆಯ ಮೊದಲ ದಿನವನ್ನೇ ಬರೆಯುತ್ತದೆ. ಶಕವರ್ಷ ಹೇಳದೆ ಸಂವತ್ಸರವನ್ನಷ್ಟೇ ಹೇಳುವ ಓಲೆಗರಿಯೂ ಹೀಗೆಯೇ ಅರವತ್ತು ವರ್ಷಗಳ ಸುತ್ತಿನಲ್ಲಿ ನಮ್ಮನ್ನು ಅಲೆಸುತ್ತದೆ. ನಾನು ನಕ್ಕು, ಪರದೆಯ ಚಿತ್ರ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಇಪ್ಪತ್ತು ವರ್ಷ ಹೇಳಿಕೊಂಡು ಬಂದ ಮಾತಿಗೆ ಲಿಖಿತ ಪ್ರಮಾಣ ದೊರೆತಿತ್ತು.

ಅನಂತರ ಆಡಲು ಕುಳಿತೆ. ಒಂದು ವಾರ ಕಳೆದರೂ ಆರನೆಯ ಹಂತದ ದಢೂತಿ ಕಾವಲುಗಾರನನ್ನು ದಾಟಲಾಗಲಿಲ್ಲ. ಬೆರಳುಗಳಿಗೆ ಯಾವ ನೆನಪೂ ಇರಲಿಲ್ಲ. ವಯಸ್ಸಿನ ದೋಷವೆಂದುಕೊಂಡೆ. ಆದರೆ ಒಂದು ರಾತ್ರಿ ಆಟವನ್ನು ನಿಲ್ಲಿಸಿ, ನೆನಪಿನಲ್ಲಿದ್ದ ಆ ಕೊನೆಯ ಕಾಳಗವನ್ನು ಕಣ್ಣುಮುಚ್ಚಿ ಮತ್ತೆ ನೋಡಿದಾಗ, ಅದುವರೆಗೆ ಲಕ್ಷ್ಯಕ್ಕೆ ಬಾರದಿದ್ದ ಒಂದು ಸಂಗತಿ ಕಾಣಿಸಿತು. ನನ್ನ ನೆನಪಿನಲ್ಲಿ ಪರದೆ ಎದುರಿಗಿಲ್ಲ. ಅದು ಬಲಕ್ಕೆ, ಓರೆಯಾಗಿದೆ. ಕೀಲಿಮಣೆಯ ಮೇಲಿರುವ ಕೈಗಳಲ್ಲಿ ಬಳೆಗಳಿವೆ.

ಬಾಹ್ಯ ಪ್ರಮಾಣಕ್ಕೂ ಆಂತರಿಕ ಪ್ರಮಾಣಕ್ಕೂ ವಿರೋಧ ಬಂದಾಗ ಏನು ಮಾಡಬೇಕೆಂಬುದನ್ನು ಎಂ.ಎ. ತರಗತಿಯಲ್ಲಿ ಕಲಿತಿದ್ದೇನೆ. ನನ್ನ ವಿಷಯದಲ್ಲಿಯೇ ಅದನ್ನು ಅನ್ವಯಿಸಬೇಕಾಗಿ ಬರುತ್ತದೆಂದು ತಿಳಿದಿರಲಿಲ್ಲ.

5

ಅಕ್ಕನಿಗೆ ಫೋನು ಮಾಡಿದೆ. ಅವಳೀಗ ಅರಸೀಕೆರೆಯಲ್ಲಿದ್ದಾಳೆ. ಟ್ಯಾಲಿ ಕಲಿತು ಎರಡು ವರ್ಷ ಮಂಡಿಯೊಂದರಲ್ಲಿ ಲೆಕ್ಕ ಬರೆದಿದ್ದಳು. 2005ರಲ್ಲಿ ಮದುವೆಯಾದ ಮೇಲೆ ಬಿಟ್ಟಳು.

“ಅಯ್ಯೋ, ಅದಾ? ಆರನೇ ಮನೇಲಿ ಆ ಡುಮ್ಮಣ್ಣನ ಕೈಲಿ ಸತ್ತೂ ಸತ್ತೂ ಅಳ್ತಾ ಇದ್ದೆಯಲ್ಲೋ ನೀನು” ಎಂದಳು.

“ಮತ್ತೆ ನನ್ನ ಹೆಸರು?”

“ನಾನೇ ಹಾಕ್ದೆ ಕಣೋ. ಅವತ್ತು ಅಪ್ಪ ಕರ್ಕೊಂಡು ಹೋಗೋಕೆ ಬಂದು ಹಿಂದೆ ನಿಂತಿದ್ರು. ಹೆಸರು ಕೇಳ್ತಾ ಇತ್ತು ಅದು. ನನ್ನ ಹೆಸರು ಹಾಕಿದ್ರೆ, ಫೀಸು ಕಟ್ಟಿದ್ದು ಆಟ ಆಡೋಕಾ ಅಂತ ಬಿಡಿಸೇಬಿಡ್ತಿದ್ರು. ಇವನು ಆಡಿದ್ದು ಅಂದೆ. ಎಷ್ಟು ಖುಷಿಪಟ್ರು ಗೊತ್ತಾ? ಬೇಕರೀಲಿ ಹನಿಕೇಕು ಕೊಡಿಸಿದ್ರು ನಿಂಗೆ. ನಂಗೂ ಅರ್ಧ ಕೊಟ್ಟೆ ನೀನು, ಪಾಪ.”

ಹನಿಕೇಕು ನನಗೆ ನೆನಪಿತ್ತು. ಅದನ್ನು ನನ್ನ ಗೆಲುವಿಗೆ ಸಂದ ಬಹುಮಾನವೆಂದೇ ನೆನಪಿಟ್ಟುಕೊಂಡಿದ್ದೆ. ಎರಡನೆಯ ಸಾಲಿನ 4 ನಿಮಿಷ ಯಾವಾಗಿನದೆಂದು ಕೇಳಿದೆ. ಅದು ಅದಕ್ಕೂ ಮೊದಲಿನದು, ಯಾರೂ ಇಲ್ಲದಾಗ ಆಡಿ ಗೆದ್ದದ್ದು ಎಂದಳು. ತನ್ನ ಎರಡು ಗೆಲುವುಗಳಲ್ಲಿ ಹೆಚ್ಚಿನದನ್ನು ಅವಳು ನನಗೆ ಬರೆದುಕೊಟ್ಟಿದ್ದಳು.

ಆ ಕಡತದಲ್ಲಿ ಹೆಸರನ್ನು ಬದಲಾಯಿಸುವುದು ಸುಲಭ. ಬೈಟ್‌ಗಳನ್ನು ನೇರವಾಗಿ ತಿದ್ದುವ ತಂತ್ರಾಂಶದಿಂದ ಎರಡು ನಿಮಿಷದ ಕೆಲಸ. “ತಿದ್ದಿಬಿಡಲಾ ಅಕ್ಕ?” ಎಂದೆ. “ಅದನ್ನ ತಿದ್ದಿ ಏನಾಗ್ಬೇಕು, ಇರ್ಲಿ ಬಿಡು. ಮೊದಲು ಥೀಸಿಸ್ ಮುಗಿಸೋದು ನೋಡು” ಎಂದು ಫೋನಿಟ್ಟಳು.

6

ನನ್ನ ಮೂರನೆಯ ಅಧ್ಯಾಯದಲ್ಲಿ ಒಂದು ಪಟ್ಟಿ ಇತ್ತು. ಶೀರ್ಷಿಕೆ ‘ಪ್ರತಿ ಮಾಡಿದವರು’. ಪುಷ್ಪಿಕೆಗಳಲ್ಲಿ ದೊರೆತ ಹೆಸರುಗಳನ್ನು ಊರು, ಮತ, ವೃತ್ತಿಗಳ ಪ್ರಕಾರ ವಿಂಗಡಿಸಿದ್ದೆ. ಹೆಂಗಸರ ಹೆಸರುಗಳು ಅದರಲ್ಲಿ ಬಹಳ ವಿರಳ. ಹೆಂಗಸರು ಬರೆಯಿಸಿದವರಾಗಿ ಕಾಣುತ್ತಾರೆ, ಬರೆದವರಾಗಿ ಅಲ್ಲ ಎಂದು ತೀರ್ಮಾನಿಸಿದ್ದೆ. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ಅತ್ತಿಮಬ್ಬೆಯನ್ನೇ ಇದಕ್ಕೆ ನಿದರ್ಶನವಾಗಿ ಕೊಟ್ಟಿದ್ದೆ. ಆ ಸಾವಿರ ಪ್ರತಿಗಳನ್ನು ಕೂತು ಬರೆದ ಕೈಗಳು ಯಾರವೆಂಬ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಬರೆಯಿಸಿದವರು ಬೇರೆ, ಬರೆದವರು ಬೇರೆ ಎಂಬುದನ್ನು ಪುಷ್ಪಿಕೆಗಳೇ ಹಲವೆಡೆ ಹೇಳುತ್ತವೆ. ಆದರೆ ಬರೆದವನೆಂದು ಹೆಸರು ಹೇಳಿದ ಕಡೆಯಲ್ಲಿ ಆ ಹೆಸರೇ ಆ ಕೈ ಎಂದು ನಾನು ನಂಬಿದ್ದೆ.

ಇದರಿಂದ ಓಲೆಗರಿಗಳನ್ನು ಹೆಂಗಸರೇ ಬರೆದರೆಂದು ಸಾಧಿಸಿದಂತಾಗುವುದಿಲ್ಲ. ಫ್ಲಾಪಿಯೊಂದರ ಸಾಕ್ಷ್ಯವನ್ನು ಶತಮಾನಗಳ ಹಿಂದಕ್ಕೆ ಒಯ್ಯುವಷ್ಟು ಅವಿವೇಕ ನನಗಿಲ್ಲ. ಹೆಸರು ಹೇಳುವುದು ಹೆಸರನ್ನು ಮಾತ್ರ. ಅದನ್ನು ಅಲ್ಲಿ ಯಾರು, ಯಾರ ಕಣ್ಣೆದುರಿಗೆ, ಯಾವ ಭಯದಿಂದ ಬರೆದರೆಂಬುದು ಬೇರೆಯೇ ಪ್ರಶ್ನೆ. ನಾನು ಹೇಳಬಲ್ಲುದು ಇಷ್ಟೇ. ಪಟ್ಟಿಯ ಶೀರ್ಷಿಕೆಯನ್ನು ‘ಪುಷ್ಪಿಕೆಯಲ್ಲಿ ಹೆಸರಿರುವವರು’ ಎಂದು ಬದಲಾಯಿಸಿ ಮಾರ್ಗದರ್ಶಕರಿಗೆ ಒಪ್ಪಿಸಿದೆ. ಅವರು ಓದಿ, ಶೀರ್ಷಿಕೆ ಬದಲಾದರೆ ಸಾಲದು, ತೀರ್ಮಾನವೂ ಬದಲಾಗಬೇಕು ಎಂದರು. ಈಗ ಆ ಕೆಲಸದಲ್ಲಿದ್ದೇನೆ.

ಈ ಪ್ರಸಂಗದಿಂದ ಇನ್ನೊಂದು ಮಾತನ್ನೂ ಕಲಿತೆ. ಕೃತಿಯನ್ನು ಉಳಿಸುವುದು ಬೇರೆ, ಪ್ರತಿಯನ್ನು ಉಳಿಸುವುದು ಬೇರೆ. ಎಮ್ಯುಲೇಟರುಗಳ ಪುಣ್ಯದಿಂದ ಈ ಆಟ ಇನ್ನು ಅಳಿಯಲಾರದು. ಶುದ್ಧಪಾಠ ಎಲ್ಲಿಯಾದರೂ ಸಿಗುತ್ತದೆ. ಆದರೆ ನಮಗೆ ಬೇಕಾದುದು ಆಟವಷ್ಟೇ ಎಂದುಕೊಂಡು ನಾನು ಆರ್ಕೈವಿನ ಪ್ರತಿಯನ್ನೇ ಆಡಿ ಸುಮ್ಮನಿದ್ದಿದ್ದರೆ, ಬೀಗ ಮುರಿದ, ಬೂಸಲು ಹಿಡಿದ ಈ ಪ್ರತಿಯೊಂದಿಗೆ ಆ 200 ಬೈಟ್‌ಗಳೂ ಟ್ರಂಕಿನಲ್ಲಿಯೇ ಸಾಯುತ್ತಿದ್ದವು. ಮನೆಗಳಲ್ಲಿ, ವಿಭಾಗಗಳಲ್ಲಿ ಉಳಿದಿರುವ ಹಳೆಯ ಫ್ಲಾಪಿಗಳನ್ನು, ಅವುಗಳಲ್ಲಿರುವ ಕೃತಿ ಅಚ್ಚಾಗಿದೆ ಎಂಬ ಕಾರಣಕ್ಕೆ ಎಸೆಯಬಾರದೆಂದು ಸಹೋದ್ಯೋಗಿಗಳಲ್ಲಿ ವಿನಂತಿ.

ಅಕ್ಕನ ಮಾತಿನಂತೆ ಕಡತವನ್ನು ನಾನು ತಿದ್ದಿಲ್ಲ. ಮೊದಲ ಸಾಲಿನಲ್ಲಿ ನನ್ನ ಹೆಸರು ಹಾಗೆಯೇ ಇದೆ. ಪ್ರತಿಯಲ್ಲಿರುವುದನ್ನು ಇದ್ದಂತೆ ಉಳಿಸಿ, ಸಂಪಾದಕನು ತನಗೆ ತಿಳಿದುದನ್ನು ಅಡಿಯಲ್ಲಿ ಹೇಳಬೇಕೆಂಬುದು ನಮ್ಮ ಶಿಸ್ತು. ಆ ಪ್ರಕಾರ ಇಲ್ಲಿ ನಮೂದಿಸುತ್ತಿದ್ದೇನೆ: 11 ನಿಮಿಷ ಉಳಿಸಿ ಆಟ ಗೆದ್ದವಳು ನನ್ನ ಅಕ್ಕ. ನಾನು ಎಡಗಡೆಯ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದೆ.